ನಾನು ಕೇಳದ ಸಿನಿಮಾಗಳು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಮ್ಯಾನೇಜರ್ ಸಾಹೇಬರೇ, ವೇದಿಕೆಯ ಮೇಲಿರುವ ಕಾರ್ಮಿಕ ಸಂಘದ ಕಾರ್ಯದರ್ಶಿಗಳೇ, ಎರಡನೇ ಸಾಲಿನಲ್ಲಿ ಕೂತು ಬೇಗ ಮುಗಿಸಿ ಎಂದು ಈಗಾಗಲೇ ಕಣ್ಸನ್ನೆ ಮಾಡುತ್ತಿರುವ ನನ್ನ ಹೆಂಡತಿಯೇ, ನೂಲಿನ ವಿಭಾಗದ, ನೇಯ್ಗೆಯ ವಿಭಾಗದ, ಗೇಟಿನ ನನ್ನೆಲ್ಲ ಸಹೋದ್ಯೋಗಿಗಳೇ, ಸಭಿಕರೇ.

ನಿವೃತ್ತನಾಗುವವನು ತನ್ನ ಕೆಲಸದ ಬಗ್ಗೆ ಮಾತಾಡುವುದು ವಾಡಿಕೆ. ಮೂವತ್ತನಾಲ್ಕು ವರ್ಷ ಮಗ್ಗ ರಿಪೇರಿ ಮಾಡಿದವನಿಗೆ ಹೇಳಲು ಬೇಕಾದಷ್ಟಿದೆ. ಆದರೆ ಕಾರ್ಯದರ್ಶಿಗಳು ಮೊನ್ನೆ ಒಂದು ಚೀಟಿ ಕೊಟ್ಟರು. ಮಗ್ಗದ ಸುದ್ದಿ ಬೇಡ, ಸಿನಿಮಾ ಬಗ್ಗೆ ನಾಲ್ಕು ಮಾತು ಆಡಿ ಎಂದಿತ್ತು. ನ್ಯಾಯವೇ. ಈ ಗಿರಣಿಯಲ್ಲಿ ನನ್ನನ್ನು ಮೆಕ್ಯಾನಿಕ್ ಎಂದವರಿಗಿಂತ ವಿಮರ್ಶಕ ಎಂದವರೇ ಹೆಚ್ಚು. ರಜೆಯ ಮರುದಿನ ಕ್ಯಾಂಟೀನಿನಲ್ಲಿ ನನ್ನ ಬೆಂಚಿನ ಸುತ್ತ ಎಷ್ಟು ಜನ ಸೇರುತ್ತಿದ್ದಿರಿ! ನಾನೇನು ಓದಿಕೊಂಡವನೇ? ಟಿಕೆಟ್ ತೆಗೆದು, ಕೂತು, ನೋಡಿ, ಎದ್ದು ಬರುವವನು. ಆದರೂ ನನ್ನ ಅಭಿಪ್ರಾಯ ನಿಮಗೆ ಬೇಕಿತ್ತು, ಯಾಕೆಂದರೆ ಅದು ಯಾರ ಅಭಿಪ್ರಾಯದ ಹಾಗೂ ಇರುತ್ತಿರಲಿಲ್ಲ.

ಆ ದೆವ್ವದ ಸಿನಿಮಾ ನೆನಪಿದೆಯೇ? ದೀಪ ಹಿಡಿದ ಹೆಂಗಸೊಬ್ಬಳು ದೊಡ್ಡ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತಾಳಲ್ಲ, ಅದು. ನೀವೆಲ್ಲ ಮುಂದಿನ ಸೀಟಿನ ಹಿಂದೆ ಅಡಗಿದ್ದಿರಿ. ನನಗೆ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ. ಪಾಪ, ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಹುಡುಕುತ್ತಿದ್ದಾಳೆ ಎಂದೆ. ನೀವು ಬಿದ್ದು ಬಿದ್ದು ನಕ್ಕಿರಿ.

ತಂದೆ ಮಗಳನ್ನು ರೈಲು ಹತ್ತಿಸುವ ಚಿತ್ರ ಬಂತು. ತಂದೆಯ ಆ ಕೊನೆಯ ಮಾತಿಗೆ ಊರೇ ಕಣ್ಣೀರಿಟ್ಟಿತು. ಮಾತು ಬಿಡಿ, ಕೈ ನೋಡಿದಿರಾ, ಮೊದಲು ಕೈ ಬಿಟ್ಟವನು ಅಪ್ಪನೇ ಎಂದೆ. ಮಗ್ಗದ ಹೆಣ್ಣುಮಗಳೊಬ್ಬಳು ಅದನ್ನು ನೋಡಲೆಂದೇ ಮತ್ತೆ ಟಿಕೆಟ್ ತೆಗೆದಳು.

ಮೂರನೆಯದು ನ್ಯಾಯಾಲಯದ ಸಿನಿಮಾ. ಕಟಕಟೆಯಲ್ಲಿ ನಿಂತ ಸಾಕ್ಷಿ ಹದಿನೈದು ನಿಮಿಷ ಮಾತಾಡುತ್ತಾನೆ. ಎಂಥ ಸಂಭಾಷಣೆ ಎಂದು ನೀವು ತಲೆದೂಗಿದಿರಿ. ಅವನು ಸುಳ್ಳು ಹೇಳುತ್ತಿದ್ದಾನೆ, ಗಂಟಲು ನೋಡಿದರೆ ಗೊತ್ತಾಗುತ್ತದೆ ಎಂದು ನಾನು ಹೇಳಿದೆ.

ನಾನು ಬರೆದುಕೊಂಡು ಬಂದ ಕಾಗದದಲ್ಲಿ ಇನ್ನೂ ಏಳು ಸಿನಿಮಾಗಳಿವೆ. ಆದರೆ ಈ ಮೂರನೆಯದರ ಹತ್ತಿರ ಬಂದ ಮೇಲೆ ಮುಂದೆ ಓದಲು ನನ್ನಿಂದ ಆಗುತ್ತಿಲ್ಲ. ಕಾಗದವನ್ನು ಜೇಬಿಗೆ ಹಾಕುತ್ತೇನೆ. ಸಭೆ ಕ್ಷಮಿಸಬೇಕು.

ಸಭಿಕರೇ, ಆ ಸಿನಿಮಾಗಳಲ್ಲಿ ಯಾರು ಏನು ಮಾತಾಡಿದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ಇಲ್ಲಿಗೆ ಸೇರಿದ ಹತ್ತನೇ ವರ್ಷಕ್ಕೆ ಮಂದವಾಯಿತು, ಹದಿನೈದಕ್ಕೆ ಪೂರ್ತಿ ಹೋಯಿತು. ನನಗಿಂತ ಮೊದಲು ಮಾತಾಡಿದ ಅಧ್ಯಕ್ಷರು ನನ್ನನ್ನು ಹೊಗಳಿದರಂತೆ. ಅವರ ತುಟಿಯ ಮುಂದೆ ಮೈಕ್ ಇತ್ತು, ಹಾಗಾಗಿ ಒಂದಕ್ಷರವೂ ನನಗೆ ಸಿಗಲಿಲ್ಲ.

ಯಾರಿಗೂ ತಿಳಿಯದ ಹಾಗೆ ಹೇಗಿದ್ದೆ ಎನ್ನುತ್ತೀರಾ? ಮಗ್ಗದ ಶೆಡ್ಡಿನಲ್ಲಿ ಯಾರಿಗೆ ತಾನೇ ಕೇಳಿಸುತ್ತದೆ? ಅಲ್ಲಿ ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುವವರೇ. ಮಗ್ಗದ ಕಾಯಿಲೆ ನನಗೆ ಅಂಗೈ ಇಟ್ಟರೆ ತಿಳಿಯುತ್ತಿತ್ತು. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಡಾಕ್ಟರು ಬರುತ್ತಿದ್ದರು. ಶಬ್ದ ಕೇಳಿಸಿದಾಗ ಬೆರಳೆತ್ತಬೇಕು. ಅವರು ಗುಂಡಿ ಒತ್ತಿದಾಗಲೆಲ್ಲ ಯಂತ್ರದ ಸಣ್ಣ ಕೆಂಪು ದೀಪ ಅವರ ಕನ್ನಡಕದಲ್ಲಿ ಕಾಣುತ್ತಿತ್ತು. ಕಂಡಾಗಲೆಲ್ಲ ಬೆರಳೆತ್ತಿದೆ. ಪ್ರತಿ ವರ್ಷವೂ ಪಾಸಾದೆ. ಫೇಲಾದರೆ ಶೆಡ್ಡಿನಿಂದ ಆಚೆ ಹಾಕುತ್ತಿದ್ದರು, ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಕಷ್ಟವಿದ್ದದ್ದು ಕ್ಯಾಂಟೀನಿನಲ್ಲಿ. ಅಲ್ಲಿ ಸುಮ್ಮನೆ ಕೂತವನನ್ನು ಜನ ಮಾತಾಡಿಸುತ್ತಾರೆ. ಮಾತಾಡುತ್ತಲೇ ಇರುವವನನ್ನು ಯಾರೂ ಪರೀಕ್ಷಿಸುವುದಿಲ್ಲ. ಅದಕ್ಕೇ ನಾನು ವಿಮರ್ಶಕನಾದೆ. ಕಲೆಯ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಪಾಡಿಗೆ.

ಸಿನಿಮಾಕ್ಕೆ ನಾನು ಒಬ್ಬನೇ ಹೋಗುತ್ತಿರಲಿಲ್ಲ. ನೇಯ್ಗೆಯವನೊಬ್ಬ ಜೊತೆಗಿರುತ್ತಿದ್ದ. ನೀವೆಲ್ಲ ಅವನನ್ನು ಗಡಿಯಾರ ಎನ್ನುತ್ತಿದ್ದಿರಿ. ಪಾಳಿಗೆ ಒಂದು ನಿಮಿಷ ತಡವಾಗಿ ಬಂದವನಲ್ಲ, ಮಗ್ಗ ನಿಲ್ಲಿಸಿದ್ದೇನೆಯೇ ಎಂದು ಎರಡೆರಡು ಸಲ ನೋಡುವವನು. ಆ ಥಿಯೇಟರಿನಲ್ಲಿ ಮರದ ಸೀಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ನಕ್ಕರೆ ನನ್ನ ಸೀಟು ಅಲುಗುತ್ತಿತ್ತು. ಅಲುಗಿದೊಡನೆ ನಾನೂ ನಗುತ್ತಿದ್ದೆ. ನಾನು ನೋಡಿದ ಹಾಸ್ಯಚಿತ್ರಗಳೆಲ್ಲ ಅವನ ಬೆನ್ನಿನಿಂದ ನನ್ನ ಬೆನ್ನಿಗೆ ಬಂದವು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ ಅವನ ಮಗ್ಗ ಕೆಟ್ಟಿತು. ಎಲ್ಲರೂ ಊಟಕ್ಕೆ ಹೋದರು, ನಾವಿಬ್ಬರೇ ಉಳಿದೆವು. ಶೆಡ್ಡಿನ ಉಳಿದ ಮಗ್ಗಗಳೆಲ್ಲ ನಿಂತಿದ್ದವು. ನಾನು ರಿಪೇರಿ ಮುಗಿಸಿ ಸ್ವಿಚ್ಚಿನ ಹತ್ತಿರ ಹೋದೆ. ಒಳಗೆ ಮುರಿದ ಲಾಳಿಯ ಚೂರೊಂದು ಉಳಿದದ್ದು ಅವನ ಕಣ್ಣಿಗೆ ಬಿತ್ತು. ತೆಗೆಯಲು ಕೈ ಹಾಕಿದ. ನನ್ನ ಬೆನ್ನು ಅವನ ಕಡೆಗಿತ್ತು. ನಾನು ಸ್ವಿಚ್ ಒತ್ತಿದೆ. ಅವನ ಬಲಗೈಯ ಎರಡು ಬೆರಳು ಹೋದವು.

ನಿಲ್ಲು, ಕೈ ಒಳಗಿದೆ ಎಂದು ಮೂರು ಸಲ ಕೂಗಿದೆ ಎಂದು ಅವನು ವಿಚಾರಣೆಯಲ್ಲಿ ಹೇಳಿದ. ಅಧ್ಯಕ್ಷರೇ, ಆವತ್ತು ವಿಚಾರಣೆಗೆ ಕೂತವರು ನೀವೇ. ಅಷ್ಟು ನಿಶ್ಶಬ್ದವಾಗಿದ್ದ ಶೆಡ್ಡಿನಲ್ಲಿ ಅವನು ಕೂಗಿದನೇ ಎಂದು ನೀವು ಕೇಳಿದಿರಿ. ನಿಮ್ಮ ತುಟಿ ಸ್ಪಷ್ಟವಾಗಿ ಕಂಡಿತು. ಇಲ್ಲ ಸಾರ್, ಕೂಗಲಿಲ್ಲ ಎಂದೆ. ನಾನು ಹಿರಿಯ ಮೆಕ್ಯಾನಿಕ್. ನನ್ನ ಮಾತನ್ನೇ ನಂಬಿದಿರಿ. ಕಡತದಲ್ಲಿ ಅವನ ಅಜಾಗರೂಕತೆ ಎಂದು ಬರೆದಿರಿ. ಯಾರ ಅಜಾಗರೂಕತೆ? ಗಡಿಯಾರದ್ದು!

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ನನ್ನ ಕಿವಿಯ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. ಅನ್ನಕ್ಕೆ ಇಟ್ಟ ಪಾತ್ರೆ ಕೆಳಗಿಳಿಸಿ, ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ಅವರು ಕೂಗಲಿಲ್ವಾ, ನಿಮಗೆ ಕೇಳಿಸಲಿಲ್ವಾ? ಎರಡೂ ಒಂದೇ ಅಲ್ಲ ಕಣ್ರೀ."

ಸತ್ಯ ಹೇಳಿದ್ದೇನೆ ಎಂದು ಅರ್ಧ ದಿನ ನಂಬಿದ್ದೆ. ಆ ಮಾತಿನ ನಂತರ ನಂಬಿಕೆ ಉಳಿಯಲಿಲ್ಲ. ಮರುದಿನ ಹೋಗಿ ತಿದ್ದಬಹುದಿತ್ತು. ಕೆಲಸ ಹೋಗುತ್ತದೆಂದು ಹೆದರಿದೆ. ಆಮೇಲೆ ತಡವಾಯಿತೆಂದು ಹೆದರಿದೆ. ಅವನನ್ನು ನೇಯ್ಗೆಯಿಂದ ತೆಗೆದು ಗೇಟಿಗೆ ಹಾಕಿದರು. ಹನ್ನೊಂದು ವರ್ಷ ದಿನವೂ ಅವನೇ ಗೇಟು ತೆಗೆದ, ನಾನು ಒಳಗೆ ಬಂದೆ. ಒಮ್ಮೆಯೂ ನನ್ನ ಮುಖ ನೋಡಿ ತುಟಿ ಬಿಚ್ಚಲಿಲ್ಲ.

ಈಚೆಗೆ ಗಂಭೀರ ಚಿತ್ರಗಳನ್ನೇ ಹೊಗಳುತ್ತೀರಲ್ಲ, ನಗುವ ಚಿತ್ರ ನಿಮಗೆ ಹಿಡಿಸುವುದಿಲ್ಲವೇ ಎಂದು ಹೊಸಬರು ಕೇಳುತ್ತಿದ್ದರು. ಅಭಿರುಚಿ ಬಲಿತಿದೆ ಎಂದು ದೊಡ್ಡಸ್ತಿಕೆ ತೋರಿಸುತ್ತಿದ್ದೆ. ನಿಜ ಏನೆಂದರೆ, ಪಕ್ಕದ ಸೀಟು ಅಲುಗುತ್ತಿರಲಿಲ್ಲ. ಎಲ್ಲಿ ನಗಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಇವತ್ತು ಇದನ್ನು ಹೇಳುವುದರಲ್ಲಿ ಧೈರ್ಯವೇನೂ ಇಲ್ಲ. ನಾಳೆ ನನಗೆ ಕೆಲಸವಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ. ಹೇಡಿ ಆರಿಸಿಕೊಳ್ಳುವ ದಿನವೇ ಇದು. ಆದರೂ ಅಧ್ಯಕ್ಷರೇ, ಬರೆದುಕೊಳ್ಳಿ. ಅವನು ಕೂಗಿದ. ಮೂರು ಸಲ ಕೂಗಿದೆ ಎಂದಿದ್ದಾನೆ, ಅಂದರೆ ಮೂರೇ ಸಲ, ಅವನು ಎಣಿಕೆ ತಪ್ಪುವವನಲ್ಲ. ಕೇಳಿಸದೆ ಇದ್ದದ್ದು ನನಗೆ. ಆ ಕಡತದಲ್ಲಿರುವ ನನ್ನ ಮಾತು ಸುಳ್ಳು. ಅದನ್ನು ಹೊಡೆದುಹಾಕಿ ನನ್ನ ಸಹಿ ತೆಗೆದುಕೊಳ್ಳಿ. ಈ ಮೇಜಿನ ಮೇಲಿರುವ ನೆನಪಿನ ಫಲಕ ನನಗೆ ಬೇಡ.

ಸಭೆ ಕರೆದ ಸಂಘಕ್ಕೆ, ನನ್ನ ಅಡ್ಡಾದಿಡ್ಡಿ ಅಭಿಪ್ರಾಯಗಳನ್ನು ಇಷ್ಟು ವರ್ಷ ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಚಪ್ಪಾಳೆ ದಯವಿಟ್ಟು ಬೇಡ. ಅದಕ್ಕೆ ನಾನು ತಕ್ಕವನಲ್ಲ.

ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಗೇಟಿನ ಸಮವಸ್ತ್ರದಲ್ಲಿ ಅವನು ನಿಂತಿದ್ದಾನೆ. ಅಲ್ಲಿ ಬೆಳಕು ಸಾಲದು. ಗಡಿಯಾರ, ಎರಡು ಹೆಜ್ಜೆ ಮುಂದೆ ಬಾ, ಆ ದೀಪದ ಕೆಳಗೆ ನಿಲ್ಲು. ಆವತ್ತು ನೀನು ಮೂರು ಸಲ ಹೇಳಿದೆ, ನಾನು ಬೆನ್ನು ಹಾಕಿ ನಿಂತಿದ್ದೆ. ಇವತ್ತು ತಿರುಗಿ ನಿಂತಿದ್ದೇನೆ. ಬೈಯುವುದಿದ್ದರೂ ಬೈಯಿ, ಒಂದು ಸಲ ಹೇಳಿದರೆ ಸಾಕು. ನೀನು ಹೇಳುವವರೆಗೆ ನಾನು ಈ ವೇದಿಕೆಯಿಂದ ಇಳಿಯುವುದಿಲ್ಲ, ನಿನ್ನ ಬಾಯನ್ನೇ ನೋಡುತ್ತಿರುತ್ತೇನೆ.

ನಮಸ್ಕಾರ.