ಕೈ ಮೇಲಿನ ಹಲ್ಲಿನ ಗುರುತು

ಆಸ್ಪತ್ರೆಯ ಬಿಸಿನೀರಿನ ನಲ್ಲಿಯ ಸಾಲಿನಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಮೇಷ್ಟರ ಕಿವಿ, ಬೇಡವೆಂದರೂ ಮುಂದಿದ್ದ ಇಬ್ಬರು ತಾಯಂದಿರ ಮಾತಿನ ಕಡೆಗೇ ಹೋಯಿತು.

“ಕೈಗೇನಾಯ್ತಕ್ಕ?”

“ಮಗಳು ಕಚ್ಚಿದ್ಳು.”

“ಮಲಗಿದ್ದಲ್ಲೇ ಇರೋ ಮಗೂಗೆ ಅಷ್ಟು ಶಕ್ತಿನಾ?”

“ಅದೇ ನನಗೂ ಖುಷಿ. ಅವಳಿಗೆ ಮಾತು ಬರಲ್ಲ, ಕೋಪ ಬಂದ್ರೆ ಕಚ್ಚೋದೇ. ಮನೇಲಿ ಆ ಚಾಳಿ ಬಿಡಿಸೋಕೆ ನಾನು ಹಾಕದ ವೇಷ ಇಲ್ಲ. ಇಲ್ಲಿಗೆ ಬಂದ ಮೇಲೆ ಎಷ್ಟು ಸೂಜಿ ಚುಚ್ಚಿದ್ರೂ ತೆಪ್ಪಗಿದ್ಳು. ಇವತ್ತು ತಲೆ ಬಾಚೋಕೆ ಹೋದೆ, ಕಚ್ಚೇ ಬಿಟ್ಳು.”

“ನೀವೇನು ಮಾಡಿದ್ರಿ?”

“ಇನ್ನೊಂದು ಕೈನೂ ಕೊಟ್ಟೆ, ಪೆದ್ದಿ ನಾನು. ಆಮೇಲೆ ಹೊಸ ಬಳೆ ತೋರಿಸೋ ಹಾಗೆ ವಾರ್ಡಿಗೆಲ್ಲ ತೋರಿಸ್ಕೊಂಡು ಬಂದೆ. ನಿಮ್ಮನ್ನೇ ಅಡ್ಮಿಟ್ ಮಾಡ್ಬೇಕು ಅಂದ್ರು ನರ್ಸು.”

“ಮುಲಾಮಾದ್ರೂ ಹಚ್ಕೊಳ್ಳಿ.”

“ಸಂಜೆ ಹಚ್ಕೋತೀನಿ. ಅವರಪ್ಪ ಬಂದು ನೋಡೋವರೆಗೂ ಮಾಸಬಾರದು.”

ಕಚ್ಚಿಸಿಕೊಂಡ ತಾಯಿಯ ಫ್ಲಾಸ್ಕ್ ತುಂಬಿತು. ಆಕೆ ಮೇಲಕ್ಕೆ ಮಡಚಿದ್ದ ರವಿಕೆಯ ತೋಳನ್ನು ಇಳಿಸದೆ ವಾರ್ಡಿನತ್ತ ನಡೆದಳು.