ಅಗಲ ಟೈರು, ತವರಿನ ದಾರಿ

ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹೆಂಗಸೊಬ್ಬಳು ಹುಮನಾಬಾದ್ ಬಸ್ಸಿಗೆ ಕಾಯುತ್ತಿದ್ದಳು. ಗಂಡ ಕಾರಿನ ಕೀಲಿ ಹಿಡಿದು ಬೆನ್ನಟ್ಟಿ ಬಂದ.

‘ವಾರವಾರ ತವರಮನಿಗೆ ಹೊಂಟ್ರ ಪೆಟ್ರೋಲ್ ಎಲ್ಲಿ ಉಳೀತದ ಅಂದೆ. ಅಷ್ಟಕ್ಕ ಇಷ್ಟ್ ಸಿಟ್ಟಾ, ಮನೀಷಾ?’

‘ಮೊದಲೂ ವಾರವಾರ ಹೋಗ್ತಿದ್ದಿಲ್ಲೇನ್ರಿ? ನೀವು ಅಗಲ ಟೈರ್ ಹಾಕಿಸಿದ ಮ್ಯಾಲ ಗಾಡಿ ಆವರೇಜ್ ಬಿತ್ತು.’

‘ಟೈರ್ ಪೆಟ್ರೋಲ್ ಕುಡೀತದೇನ?’

‘ಭಾರ ಟೈರ್ ಉರುಳಿಸಾಕ ಪೆಟ್ರೋಲ್ ಜಾಸ್ತಿ ಬೇಕು ಅಂತ ಅಂಗಡಿಯವ ನಿಮ್ಮೆದುರಿಗೇ ಹೇಳಿದ.’

‘ಗಾಡಿ ಎಷ್ಟ್ ಖಡಕ್ ಕಾಣಾಕತ್ತದ, ನೋಡು!’

‘ನೀವೇ ನೋಡ್ಕೋತ ಕುಂದರ್ರಿ.’

‘ಸುಮ್ನ ಹತ್ತು, ನಾನೇ ಬಿಡ್ತೀನಿ.’

‘ಬ್ಯಾಡ್ರಿ. ಟೈರ್ ಮಾಡಿದ ತಪ್ಪು ನನ್ನ ತವರಿನ ತಲಿಗೆ ಕಟ್ಟಬ್ಯಾಡ್ರಿ. ನನಗ ಬಸ್ ಫುಕಟ್ ಅದ, ಹೆಂಗಸರಿಗೆ ರೊಕ್ಕ ಇಲ್ಲ.’

ಬಸ್ಸು ಹತ್ತಿದವಳು ಕಿಟಕಿಯಿಂದ ಬಗ್ಗಿದಳು.

‘ನಾ ಇಲ್ಲದಾಗೂ ಪೆಟ್ರೋಲ್ ಟಾಕಿ ಖಾಲಿ ಆತಂದ್ರ ನನ್ನ ಕರೆಯಾಕ ಬರ್ರಿ. ಬಸ್ಸಿನ್ಯಾಗ ಬರ್ರಿ. ನಿಮಗ ಟಿಕೆಟ್ ಅದ.’