ಏಳನೇ ಸಾಲಿನ ಕಪ್ಪು ಸೈಕಲ್

ನನ್ನ ಹೆಸರು ಯೋಸ್ಟ್ ವೆರ್ಕೈಕ್, ವಯಸ್ಸು 52, ರೋಟರ್‌ಡ್ಯಾಮ್ ಬಂದರಿನ ಹಡಗು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ, ವಾಸ ವೆಸ್ಟರ್‌ಹೂಕ್, ಲೈಸ್ಟರ್ ಓಣಿ, ಮನೆ ನಂ. 18. ನಿನ್ನೆ ಸಂಜೆ ಇದೇ ಠಾಣೆಯಲ್ಲಿ ಕೊಟ್ಟ ಸೈಕಲ್ ಕಳವಿನ ದೂರಿನ ಬಗ್ಗೆ ಈಗ ತಿಳಿಸುವುದೇನೆಂದರೆ, ಆ ದೂರು ತಪ್ಪು.

ಹನ್ನೊಂದು ವರ್ಷಗಳಿಂದ ನಾನು ನಮ್ಮೂರಿನ ರೈಲು ನಿಲ್ದಾಣದ ಪೂರ್ವ ಬದಿಯ ಏಳನೇ ಸಾಲಿನಲ್ಲೇ ಸೈಕಲ್ ನಿಲ್ಲಿಸುತ್ತೇನೆ. ದಿನಾಂಕ 14-10-2025ರ ಸಂಜೆ 5.52ರ ರೈಲಿನಿಂದ ಇಳಿದು ಅಲ್ಲಿಗೇ ಹೋದೆ. ನನ್ನದರಂಥದೇ ಕಪ್ಪು ಸೈಕಲ್ ಇತ್ತು. ಸೀಟಿಗೆ ಪುರಸಭೆ ಊರಿಗೆಲ್ಲ ಹಂಚಿದ ಹಸಿರು ಕವರ್ ಇತ್ತು. ನನ್ನ ಕೀಲಿ ಹೊಂದಲಿಲ್ಲ. ಯಾರೋ ಬೀಗ ಬದಲಿಸಿದ್ದಾರೆಂದು ತೀರ್ಮಾನಿಸಿದೆ.

5.58ಕ್ಕೆ ಕಚೇರಿ ಗುಡಿಸುವವರ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಬಂದು, "ಸ್ವಲ್ಪ ಸರೀರಿ, ಮಗೂನ ಕರ್ಕೊಂಡ್ ಬರ್ಬೇಕು, ಆರೂಕಾಲಿಗೆ ಬಾಗ್ಲು ಹಾಕ್ತಾರೆ" ಎಂದು ತಮ್ಮ ಕೀಲಿಯಿಂದ ಬೀಗ ತೆಗೆದರು. ಬೀಗ ಬದಲಿಸಿದವರ ಹತ್ತಿರ ಕೀಲಿ ಇರದೆ ಇರುತ್ತದೆಯೇ ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿ ಹ್ಯಾಂಡಲ್ ಹಿಡಿದುಕೊಂಡೆ. ದಿನವೂ ನನ್ನೊಡನೆ ಪ್ರಯಾಣಿಸುವ ರುಟ್ಖರ್, "ಬಿಡ್ಬೇಡ ಯೋಸ್ಟ್, ಇವರ ಧೈರ್ಯ ನೋಡು!" ಎಂದ. ಸುಮಾರು ಇಪ್ಪತ್ತು ಜನ ನಿಂತು ನೋಡಿದರು. ಆಕೆ, "ಝುಲ್ಮಿರಾ ಡ ಪಿನಾ, ಮೋಲೆನ್ ಬೀದಿ, ನಾಲ್ಕನೇ ನಂಬರ್. ಬರ್ಕೊಳ್ಳಿ!" ಎಂದು 6.10ಕ್ಕೆ ಸೈಕಲ್ ಬಿಟ್ಟು ಓಡಿದರು. ಆಕೆಯ ಮಗು ಇದ್ದ ಶಿಶುವಿಹಾರ ಅಲ್ಲಿಂದ 1.8 ಕಿ.ಮೀ. ದೂರವಿದೆ.

ಆ ಹೆಸರನ್ನೇ ನಾನು ಠಾಣೆಯಲ್ಲಿ ಕಳ್ಳಿ ಎಂದು ಬರೆಸಿದೆ. ನನ್ನ ಎತ್ತರ 1.94 ಮೀಟರ್. ಆ ಸೈಕಲ್ ತುಳಿದು ಹೋಗುವಾಗ ಮನೆಯವರೆಗೂ ಮಂಡಿ ಹ್ಯಾಂಡಲ್‌ಗೆ ಬಡಿಯಿತು. ಸೀಟನ್ನೂ ಇಳಿಸಿಬಿಟ್ಟಿದ್ದಾರಲ್ಲ ಎಂದು ಬೈದುಕೊಂಡು ಅಂಗಳದಲ್ಲಿ ಅದನ್ನು ಏರಿಸಿದೆ.

7.05ಕ್ಕೆ ನನ್ನ ಹೆಂಡತಿ ಹಿಲ್ಲಿ ಸೈಕಲ್ಲಿನ ಚೀಲದಿಂದ ಗೇಣುದ್ದದ ಮಳೆ ಪ್ಯಾಂಟೊಂದನ್ನು ತೆಗೆದು, "ಇದು ನಿಂದೇನೋ? ಬೆಳಿಗ್ಗೆ ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ಯಲ್ಲ, ಅವ್ರಿರೋದು ಸ್ಟೇಷನ್ನಿನ ಆ ಕಡೆ" ಎಂದಳು. ನಿಲ್ದಾಣಕ್ಕೆ ನಡೆದುಕೊಂಡು ಹೋದೆ. ನನ್ನ ಸೈಕಲ್ ಪಶ್ಚಿಮ ಬದಿಯಲ್ಲಿ, ಬೆಳಿಗ್ಗೆ ನಾನೇ ನಿಲ್ಲಿಸಿದ ಜಾಗದಲ್ಲಿ ಇತ್ತು.

8.00ಕ್ಕೆ ಆಕೆಯ ಸೈಕಲ್ ತಳ್ಳಿಕೊಂಡು ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಆಕೆ ಸರಪಳಿ ತೆಗೆಯದೆ ಬಾಗಿಲ ಸಂದಿಯಿಂದಲೇ, "ಮಗಳು ಕೋಟು ಹಾಕ್ಕೊಂಡು ಬಾಗ್ಲಲ್ಲೇ ಕಾಯ್ತಾ ಕೂತಿದ್ಲು. ಇಲ್ಲಿ ಕತ್ತಲಲ್ಲಿ ಕೊಟ್ಟು ಹೋಗ್ಬೇಡಿ. ಎಲ್ಲಿಂದ ಕಿತ್ಕೊಂಡ್ರೋ ಅಲ್ಲೇ, ಅದೇ ಜನರ ಮುಂದೆ ಕೊಡಿ" ಎಂದರು.

ಆಕೆ ನಮ್ಮ ಓಣಿಯವರಾಗಿದ್ದರೆ ನಾನು ಮೊದಲು ಕ್ಷಮಿಸಿ ಎನ್ನುತ್ತಿದ್ದೆ, ಆಮೇಲೆ ಪಶ್ಚಿಮ ಬದಿಗೆ ಹೋಗಿ ನೋಡುತ್ತಿದ್ದೆ. ಈ ಮಾತು ಬೇಡವೆಂದು ಅಧಿಕಾರಿಗಳು ಹೇಳಿದರೂ ಬರೆದುಕೊಳ್ಳಬೇಕೆಂದು ಕೋರಿದ್ದೇನೆ. ನನಗೆ ನಾಚಿಕೆಯಾಗಿದೆ.

ದೂರನ್ನು ಹಿಂತೆಗೆದುಕೊಂಡಿದ್ದೇನೆ. ಇಂದು ಸಂಜೆ 5.52ಕ್ಕೆ ಏಳನೇ ಸಾಲಿನಲ್ಲಿ ನಿಂತಿರುತ್ತೇನೆ. ರುಟ್ಖರನಿಗೂ ನಿಲ್ಲಲು ಹೇಳಿದ್ದೇನೆ. ಸೈಕಲ್ ಒರೆಸಿದ್ದೇನೆ, ಮಳೆ ಪ್ಯಾಂಟನ್ನು ಮಡಿಸಿ ಚೀಲದಲ್ಲಿಟ್ಟಿದ್ದೇನೆ. ಸೀಟು ಮೊದಲು ಎಷ್ಟು ಎತ್ತರಕ್ಕಿತ್ತೆಂದು ಮಾತ್ರ ನಾನು ನೋಡಿರಲಿಲ್ಲ. ಅದನ್ನು ಎಲ್ಲರೆದುರು ಅವರನ್ನೇ ಕೇಳಬೇಕು.

ಇದನ್ನು ಓದಿಸಿ ಕೇಳಿದ್ದೇನೆ. ನಡೆದದ್ದು ಇಷ್ಟೇ, ಸತ್ಯವೂ ಇದೇ.

ಸ್ಥಳ: ವೆಸ್ಟರ್‌ಹೂಕ್
ದಿನಾಂಕ: 15-10-2025
(ಸಹಿ) ಯೋಸ್ಟ್ ವೆರ್ಕೈಕ್